ಗಂಧರಾಜದ ಹಳದಿ ಎಲೆ

ಎಂಟನೆಯ ಇಯತ್ತೆಯ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ಕಲಿಸುತ್ತ ಇಪ್ಪತ್ತೇಳು ವರ್ಷ ಕಳೆದಿದ್ದೇನೆ. ಲಿಟ್ಮಸ್ ಕಾಗದ ಯಾವುದರಲ್ಲಿ ಕೆಂಪಾಗುತ್ತದೆ, ಯಾವುದರಲ್ಲಿ ನೀಲಿಯಾಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಆದರೆ ನಿದ್ದೆಯಲ್ಲಿದ್ದಾಗ ಯಾರೂ ಕೇಳುವುದಿಲ್ಲ; ಎಚ್ಚರವಿದ್ದಾಗ ಕೇಳುತ್ತಾರೆ, ಆಗ ನನಗೆ ವಿಪರೀತ ದಣಿವಾಗಿರುತ್ತದೆ.

ಅಂಥದೇ ಒಂದು ಸಂಜೆ, ಮಾರ್ಚ್ ತಿಂಗಳಲ್ಲಿ, ಪರೀಕ್ಷೆಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. ಪಕ್ಕದ ಮನೆಯ ಶಮೀಮ್ ಆಪಾ ಕುಂಡವೊಂದನ್ನು ಸೊಂಟಕ್ಕೆ ಆನಿಸಿಕೊಂಡು ಬಂದಳು. ದೇಶಪಾಂಡೆ ನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡು. ಹದಿನೈದು ವರ್ಷಗಳಿಂದ ಅದರ ಮೇಲೆ ಸಾರಿನ ಬಟ್ಟಲು, ಹೊಲಿದ ರವಿಕೆ, ಸುಖದುಃಖ ಎಲ್ಲ ಓಡಾಡಿವೆ.

“ಅಕ್ಕೋರ, ಮಗಳ ಬಾಣಂತನಕ್ಕ ಬೆಳಗಾವಿಗೆ ಹೊಂಟೇನ್ರಿ. ಎರಡು ತಿಂಗಳು ಇದನ್ನೊಂದು ನೋಡ್ಕೋರ್ರಿ. ನಮ್ಮ ಮನಿಯವರಿಗೆ ಅಂಗಡಿ ಬಿಟ್ರ ಬ್ಯಾರೆ ಲಕ್ಷ್ಯ ಇರಂಗಿಲ್ಲ. ನೀವು ಸೈನ್ಸ್ ಟೀಚರು, ನಿಮಗೇನು ಹೇಳೋದೈತಿ?”

ಅದು ಗಂಧರಾಜ. ಆಕೆಯ ತಾಯಿ ಉಪ್ಪಿನಬೆಟಗೇರಿಯ ಮನೆಯಲ್ಲಿ ಟೊಂಗೆ ಕತ್ತರಿಸಿ ನೆಟ್ಟುಕೊಟ್ಟದ್ದು. ತಾಯಿ ಈಗಿಲ್ಲ. “ಅಮ್ಮೀ ಕೈಯಾಗಿಂದು ಇದೊಂದ ಉಳದೈತ್ರಿ” ಎಂದು ಹೇಳಿ ಕುಂಡವನ್ನು ನನ್ನ ಮೆಟ್ಟಿಲ ಮೇಲಿಟ್ಟಳು. ಕಪ್ಪುಹಸಿರು ಎಲೆ, ಒಂಬತ್ತು ಮೊಗ್ಗು. ಒಂದು ಫೋಟೋ ತೆಗೆದೆ. ಯಾಕೆ ತೆಗೆದೆನೋ, ಬಹುಶಃ ಇಷ್ಟು ಚೆಂದದ ವಸ್ತು ನನ್ನ ಬಳಿ ಬಹಳ ದಿನ ಹಾಗೆಯೇ ಇರಲಾರದು ಎಂದು ಒಳಗೆಲ್ಲೋ ಅನಿಸಿರಬೇಕು.

ಮೂರನೆಯ ವಾರಕ್ಕೆ ಎಲೆ ಹಳದಿಯಾಗತೊಡಗಿತು.

ಎಲೆ ಹಳದಿಯಾಗಲು ಇರುವಷ್ಟು ಕಾರಣಗಳು ಮನುಷ್ಯರು ಸಿಟ್ಟಾಗಲೂ ಇರಲಿಕ್ಕಿಲ್ಲ. ಕೆಳಗಿನ ಹಳೆಯ ಎಲೆಗಳು ಮೊದಲು ಬಣ್ಣಗೆಟ್ಟರೆ ಸಾರಜನಕದ ಕೊರತೆ. ಅಂಚು ಸುಟ್ಟಂತಾದರೆ ಪೊಟ್ಯಾಶ್. ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ. ನೀರು ಹೆಚ್ಚಾದರೂ ಹಳದಿ, ಕಡಿಮೆಯಾದರೂ ಹಳದಿ. ಪುಸ್ತಕದಲ್ಲಿ ಇವೆಲ್ಲ ಬೇರೆ ಬೇರೆ ಚಿತ್ರಗಳಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಆದರೆ ನಾನು ನೋಡುವ ಹೊತ್ತಿಗೆ ಕತ್ತಲಾಗುತ್ತಿತ್ತು, ಕನ್ನಡಕ ಒಳಗಿತ್ತು, ಒಳಗೆ ಹೋಗಿ ತರುವಷ್ಟು ಕಾಲಲ್ಲಿ ಶಕ್ತಿ ಇರಲಿಲ್ಲ. ‘ಸಾರಜನಕ’ ಎಂದು ಅಲ್ಲೇ ನಿಂತು ತೀರ್ಪು ಕೊಟ್ಟು ಒಂದು ಚಿಟಿಕೆ ಯೂರಿಯಾ ಹಾಕಿದೆ. ವಾರದ ನಂತರ ಗಿಡ ಇನ್ನಷ್ಟು ಹಳದಿಯಾಯಿತು. ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ ಎಲ್ಲ ಗಿಡಕ್ಕೂ ಅಮೃತವೆಂದು ನಗುನಗುತ್ತ ಹೇಳಿದಳು. ಅಷ್ಟು ಉತ್ಸಾಹದಿಂದ ನಾನು ಪಾಠ ಮಾಡಿ ಎಷ್ಟೋ ವರ್ಷವಾಗಿತ್ತು. ನಂಬಿಬಿಟ್ಟೆ. ಎರಡನ್ನೂ ಹಾಕಿದೆ. ನಾಲ್ಕು ಮೊಗ್ಗು ಉದುರಿದವು.

ಇದರ ನಡುವೆ ಪ್ರತಿ ಶುಕ್ರವಾರ ಶಮೀಮಳ ಸಂದೇಶ ಬರುತ್ತಿತ್ತು: “ಗಿಡ ಹ್ಯಾಂಗೈತ್ರಿ? ಫೋಟೋ ಹಾಕ್ರಿ.” ನಾನು ಮೊದಲ ದಿನದ ಫೋಟೋವನ್ನೇ ಕಳಿಸಿದೆ. ಮರುವಾರ ಅದನ್ನೇ ಸ್ವಲ್ಪ ಕತ್ತರಿಸಿ ಕಳಿಸಿದೆ. ಅದರ ಮರುವಾರ ಇನ್ನಷ್ಟು ಕತ್ತರಿಸಿದೆ. ಮೊಮ್ಮಗುವಿನ ಆರೈಕೆಯಲ್ಲಿ ಇರುವವಳಿಗೆ ಯಾಕೆ ಚಿಂತೆ ಎಂದು ಸಮಾಧಾನ ಹೇಳಿಕೊಂಡೆ. ಖರೇ ಹೇಳಬೇಕೆಂದರೆ ಗಿಡ ಸಾಯುತ್ತಿದೆ ಎಂದು ಬರೆಯಲು ನಾಲ್ಕು ಪದ ಬೇಕು, ಅದಾದ ಮೇಲೆ ಬರುವ ಪ್ರಶ್ನೆಗಳಿಗೆ ನಲವತ್ತು. ಅಷ್ಟು ಪದಗಳು ಸಂಜೆಯ ಹೊತ್ತಿಗೆ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ಒಂದು ಭಾನುವಾರ, ಮೈ ಹಗುರವಿದ್ದಾಗ, ಕನ್ನಡಕ ಹಾಕಿಕೊಂಡು ಕುಂಡದ ಮುಂದೆ ಕೂತೆ. ಹಳದಿಯಾಗಿದ್ದು ತುದಿಯ ಎಳೆಯ ಎಲೆಗಳು. ನರಗಳು ಹಸಿರಾಗಿಯೇ ಇದ್ದವು. ಇದನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಶಾಲೆಯಿಂದ ಎಂದೋ ತಂದಿಟ್ಟಿದ್ದ ಪಿಎಚ್ ಕಾಗದ ಹುಡುಕಿ ತೆಗೆದೆ. ಒಂದು ಚಮಚ ಮಣ್ಣನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ಕಾಗದ ಅದ್ದಿದೆ. ಕಾಗದ ನೀಲಿಹಸಿರಾಯಿತು: ಎಂಟರ ಮೇಲೆ. ಗಂಧರಾಜಕ್ಕೆ ಬೇಕಾದದ್ದು ಹುಳಿ ಮಣ್ಣು, ಆರರ ಹತ್ತಿರದ್ದು. ನಾನು ಹಾಕುತ್ತಿದ್ದದ್ದು ಬೋರಿನ ಗಡಸು ನೀರು. ಅದು ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವಂಥದ್ದು. ಮಣ್ಣಿನಲ್ಲಿ ಕಬ್ಬಿಣವೇನೋ ಇರುತ್ತದೆ, ಆದರೆ ಕ್ಷಾರ ಹೆಚ್ಚಾದಾಗ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಅಂಥ ಮಣ್ಣಿಗೆ ನಾನು ಬೂದಿ, ಸಿಪ್ಪೆ ಬೇರೆ ಹಾಕಿದ್ದೆ. ಅವೂ ಕ್ಷಾರವೇ. ರೋಗ ಅರ್ಧ ನೀರಿನದು, ಅರ್ಧ ವೈದ್ಯೆಯದು.

ಅದೇ ಮಧ್ಯಾಹ್ನ ಶಮೀಮ್ ಫೋನು ಮಾಡಿದಳು. ಮಗುವಿನ ಸುದ್ದಿಯೆಲ್ಲ ಆದ ಮೇಲೆ ಕೇಳಿದಳು: “ಅಕ್ಕೋರ, ಒಂದು ಮಾತು ಕೇಳ್ಲೇನ್ರಿ? ಐದು ವಾರ ಆತು, ಆ ಫೋಟೋದಾಗ ಹಗ್ಗದ ಮ್ಯಾಲಿನ ಹಸಿರು ಟಾವೆಲ್ ಇನ್ನೂ ಒಣಗಿಲ್ಲೇನು?”

ನನ್ನ ಬಾಯಿ ಒಣಗಿತು. ಎಲ್ಲ ಹೇಳಿದೆ. ಯೂರಿಯಾ, ಬೂದಿ, ಸಿಪ್ಪೆ, ಉದುರಿದ ಮೊಗ್ಗು.

“ಗಿಡಕ್ಕ ಜಡ್ಡು ಬರ್ತೈತ್ರಿ, ಅದಕ್ಕೇನು” ಎಂದಳು ಶಮೀಮ್. “ನನಗ ಹೇಳಲಿಲ್ಲಲ್ಲ, ಅದು ಬ್ಯಾಸರಾತು. ಹೋದ ವರ್ಷ ನನ್ನ ಕೈಯಾಗೂ ಹಿಂಗಽ ಹಳದಿ ಆಗಿತ್ತು. ಆಮ್ಯಾಲ ಇವರು ಅಂಗಡಿಯಿಂದ ಎಸಿ ನೀರು ತರಾಕತ್ರು, ಅದನ್ನಽ ಹಾಕ್ತಿದ್ದೆ. ನಿಮಗ ಹೇಳೋದು ಮರ್ತಿದ್ದೆ ನಾ. ನೀವು ಒಂದ್ ಮಾತು ಅಂದಿದ್ರ ನೆನಪಾಗ್ತಿತ್ತು.”

ಆಕೆಯ ಗಂಡ ಎಸಿ, ಫ್ರಿಜ್ ರಿಪೇರಿಯವರು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣ ಇರುವುದಿಲ್ಲ. ಪಾಠ ಮಾಡುವ ನಾನು ತಲೆ ಬಡಿದುಕೊಂಡೆ. ಮರುದಿನದಿಂದ ಅವರು ಬೆಳಿಗ್ಗೆ ಕಾಂಪೌಂಡಿನ ಮೇಲೆ ಒಂದು ಕ್ಯಾನು ಇಟ್ಟು, “ತಗೋರ್ರಿ” ಎಂದಷ್ಟೇ ಹೇಳಿ ಹೋಗುತ್ತಿದ್ದರು. ನಾನು ಕುಂಡದ ಮಣ್ಣು ಬದಲಿಸಿದೆ. ಕೆಂಪು ಮಣ್ಣು, ಕೊಳೆತ ಎಲೆಯ ಗೊಬ್ಬರ, ಬೀಜದಂಗಡಿಯವನು ಕೊಟ್ಟ ಒಂದು ಪುಡಿಕೆ ಕಬ್ಬಿಣ. ಶುಕ್ರವಾರಗಳಂದು ಅವತ್ತಿನ ಫೋಟೋ ಕಳಿಸಿದೆ, ಎಷ್ಟು ಕುರೂಪವಾಗಿದ್ದರೂ.

ಶಮೀಮ್ ಮರಳಿ ಬಂದಾಗ ಗಿಡದಲ್ಲಿ ಹೂವಿರಲಿಲ್ಲ, ಉಳಿದ ಐದು ಮೊಗ್ಗೂ ಉದುರಿದ್ದವು. ತುದಿಗಳಲ್ಲಿ ಆರು ಹೊಸ ಎಲೆ, ಹಸಿರು. ಹಳದಿಯಾದವು ಹಳದಿಯಾಗಿಯೇ ಇದ್ದವು. ನಾಚಿಕೆಯಿಂದ ಅವನ್ನು ಚಿವುಟಲು ಹೋದೆ. ಆಕೆ ಕೈ ಹಿಡಿದಳು. “ಇರ್ಲಿ ಬಿಡ್ರಿ. ಆದಷ್ಟು ಅವೂ ದುಡೀತಾವ.” ಆಮೇಲೆ ಚಹಾ ಕುಡಿದೆವು. ಟಾವೆಲ್ಲಿನ ಮಾತು ಎತ್ತಿ ಆಕೆ ಮೂರು ಸಲ ನಕ್ಕಳು. ಮೂರನೆಯ ಸಲಕ್ಕೆ ನನಗೂ ನಗು ಬಂತು.

ಕಳೆದ ತಿಂಗಳು ಮೊಮ್ಮಗುವಿನ ಜವಳಕ್ಕೆಂದು ಆಕೆ ಮತ್ತೆ ಬೆಳಗಾವಿಗೆ ಹೊರಟಳು. ಗಿಡ ಬೇಡವೆಂದೆ, ನನಗೆ ಸುಸ್ತು ಎಂದೆ. ಕೇಳಿಸಿಕೊಳ್ಳದೆ ಮೆಟ್ಟಿಲ ಮೇಲಿಟ್ಟು ಹೋದಳು. ಎರಡನೆಯ ದಿನವೇ ಬುಡದಲ್ಲಿ ಒಂದು ಎಲೆ ಹಳದಿಯಾಗಿದ್ದು ಕಂಡಿತು. ಕನ್ನಡಕ ಹಾಕಿಕೊಂಡೆ, ಪಿಎಚ್ ಕಾಗದ ಅದ್ದಿದೆ, ಫೋಟೋ ತೆಗೆದೆ. ಎಲ್ಲ ವಿವರ ಬರೆದು ಕಳಿಸಿದೆ.

ಉತ್ತರ ಕೂಡಲೇ ಬಂತು: “ಅದು ಹಳೇ ಎಲಿ ಅಕ್ಕೋರ, ವಯಸ್ಸಾಗೇತಿ. ನೀವು ಒಂದೀಟು ಮಲಕ್ಕೋರ್ರಿ.”