ಯಾರ ಮನೆಗೆ ಯಾರು ಮೊದಲು

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಧಾರವಾಡದ ಕಾಲೇಜಿನಿಂದ ದಸರೆಗೆಂದು ಲಕ್ಷ್ಮೇಶ್ವರಕ್ಕೆ ಬಂದಿದ್ದೆ. ಬನ್ನಿ ಕೊಡುವ ಸಂಜೆ. ಮನೆಗೆ ಮರಳುವ ದನಗಳ ಧೂಳಿನಲ್ಲಿ ಬೀದಿಯೇ ತೇಲಿದಂತಿತ್ತು. ಆ ಧೂಳು ಅದೇ ಸಂಜೆಯದೆಂದು ಆಣೆ ಮಾಡಲಾರೆ.

ಭಾರತ, ಪಾಕಿಸ್ತಾನದ ಮಂತ್ರಿಗಳು ಮಾತುಕತೆಗೆ ಕೂಡುವರೆಂದೂ ಎಲ್ಲಿ ಎಂಬುದು ನಿಶ್ಚಯವಾಗಿಲ್ಲವೆಂದೂ ನಮ್ಮ ರೇಡಿಯೋ ಹೇಳಿತು. ಪಕ್ಕದ ಮನೆಯ ಬೂಬು ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಒಬ್ಬನೇ ತಮ್ಮ ಕರಾಚಿಯಲ್ಲಿದ್ದ. ಸೋದರಮಾವ ಬರದೆ ಮಗಳ ಮದುವೆ ಬೇಡವೆಂದು ಮುಂದೂಡುತ್ತಲೇ ಇದ್ದಳು.

"ಸಣ್ಣಾವ ಹಿರ್ಯಾನ ಮನಿಗೆ ಹೋಗಿ ಬನ್ನಿ ಕೊಡಬೇಕು. ಅವ್ರ ಇಲ್ಲಿಗೆ ಬರ್ಲಿ," ಅಂದರು ಅಜ್ಜ.

"ಅವರ ಸ್ವಾತಂತ್ರ್ಯ ನಮಗಿಂತ ಒಂದಿನ ಮೊದಲರಿ ಅಪ್ಪಾ," ಅಂದ ಕಾಕಾ. "ಹಂಗಾದ್ರ ನಾವ ಸಣ್ಣಾವ್ರು."

"ಒಂದ ದಿನಕ್ಕ ಯಾರೂ ಹಿರ್ಯಾರಾಗೂದಿಲ್ಲಲೇ."

ಬೂಬು ನಗಲಿಲ್ಲ. "ಯಾರರ ಒಬ್ರು ಎದ್ದು ಹೋಗ್ಲಿರಿ ಅಜ್ಜಾರ. ನನ್ನ ತಮ್ಮ ಸಣ್ಣಾವನ ಅದಾನ, ಆದರೂ ದಾರಿ ತೆರದ್ರ ನಾನ ಹೋಗ್ತೀನಿ."

ಅಜ್ಜ ರೇಡಿಯೋ ಆರಿಸಿದರು.

ಮಾತುಕತೆಯೇನೋ ನಡೆಯಿತು. ತಮ್ಮ ಬರಲಿಲ್ಲ, ಅವಳಿಗೂ ಹೋಗಲಾಗಲಿಲ್ಲ. ಬೇಸಿಗೆಯಲ್ಲಿ ಮದುವೆ ಮಾಡಿಯೇಬಿಟ್ಟಳು. ಸೋದರಮಾವನಿಗೆ ಹಾಸಿದ ಜಮಖಾನದ ಮೇಲೆ ಅಜ್ಜ ಕೂತಿದ್ದರೆಂದು ನನ್ನ ನೆನಪು. ಕಾಕಾ ಒಪ್ಪುವುದಿಲ್ಲ, ಆ ಜಾಗ ಖಾಲಿಯೇ ಇತ್ತು, ಯಾರೂ ತುಳಿಯದಂತೆ ಅಜ್ಜ ಅದರ ಪಕ್ಕದಲ್ಲಿ ಕೂತಿದ್ದರು ಅನ್ನುತ್ತಾನೆ. ಅವನ ಮಾತೇ ಖರೆ ಇರಬೇಕು.