ನಾಲ್ಕೂ ಏಳೂ ಇಲ್ಲದ ಸ್ವರಗಳು

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಿಫ್ಟ್ ರಿಪೇರಿ ಕಲಿತದ್ದು ಕೈಯಿಂದ, ಪುಸ್ತಕದಿಂದಲ್ಲ. ಸಿಂಗಪುರದಲ್ಲಿ ನಾನು ಸರಿಮಾಡಿದ ಲಿಫ್ಟನ್ನು ಇನ್ನೊಬ್ಬ ಬಂದು ಬಿಚ್ಚಿದ್ದಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಪುಂಗೋಲ್‌ನ ನಮ್ಮ ಬ್ಲಾಕಿನ ಹತ್ತಿರ ಎರ್ಹು ಕ್ಲಾಸು ಶುರುವಾದಾಗ, ಇದೂ ಕೈಕೆಲಸವೇ ತಾನೆ ಎಂದು ಹೆಸರು ಕೊಟ್ಟೆ.

ಎರ್ಹು ಅಂದರೆ ಎರಡೇ ತಂತಿಯ ಚೀನೀ ಪಿಟೀಲು. ತೊಡೆಯ ಮೇಲೆ ನಿಲ್ಲಿಸಿಕೊಂಡು ನುಡಿಸಬೇಕು. ಕಮಾನು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ. ಅದನ್ನು ಬಿಡಿಸಲು ಹೋಗಿ ಮೊದಲ ದಿನವೇ ಬೈಸಿಕೊಂಡೆ. ಕಲಿಸುವವರು ಎಪ್ಪತ್ತು ದಾಟಿದ ಚೀನೀ ಹೆಂಗಸು. ಎಲ್ಲರೂ ಅವರನ್ನು ‘ಲಾವ್‌ಶಿ’ ಅನ್ನುತ್ತೇವೆ, ನಮ್ಮಲ್ಲಿ ಮೇಡಂ ಅಂದ ಹಾಗೆ. ಇಲ್ಲಿನವರೆಲ್ಲರಂತೆ ಅವರ ಮಾತಿನ ಕೊನೆಗೂ ಒಂದು ‘ಲಾ’ ಇರುತ್ತದೆ. ಅವರು ಸ್ವರಗಳನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಸ ಅಂದರೆ ಒಂದು, ರಿ ಅಂದರೆ ಎರಡು. ಅಂಕಿಗೆ ನಾನು ಯಾವತ್ತೂ ಹೆದರಿದವನಲ್ಲ.

ಮೊದಲ ಹಾಳೆಯಲ್ಲಿ ಇದ್ದದ್ದು ಒಂದು, ಎರಡು, ಮೂರು, ಐದು, ಆರು. ಆಮೇಲೆ ಮೇಲಿನ ಒಂದು. ನಾಲ್ಕೂ ಇಲ್ಲ, ಏಳೂ ಇಲ್ಲ. ನಾನು ಕೇಳಲಿಲ್ಲ. ಕೇಳುವುದೇನಿದೆ? ಇಲ್ಲಿನ ಎಷ್ಟೋ ಕಾಂಡೋ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಮೂರರ ಮೇಲೆ ಐದರ ಬಟನ್ನನ್ನು ನಾನೇ ಕೂರಿಸಿದ್ದೇನೆ. ಚೀನೀಯರ ಬಾಯಲ್ಲಿ ನಾಲ್ಕು ಅನ್ನುವುದು ಸಾವು ಎಂಬಂತೆ ಕೇಳುತ್ತದೆ. ಅವರ ಪಂಚಾಂಗದ ಏಳನೇ ತಿಂಗಳಂತೂ ಪ್ರೇತಗಳು ಬರುವ ತಿಂಗಳು. ಬ್ಲಾಕಿನ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್ಕಿನ ಹೊರಗೆ ಅವಕ್ಕೆಂದು ಕಾಗದ ಸುಡುತ್ತಾರೆ. ಪಾಪ, ಸಂಗೀತದಲ್ಲೂ ಎರಡನ್ನೂ ದೂರ ಇಟ್ಟಿದ್ದಾರೆ ಅಂದುಕೊಂಡೆ.

ಹೆಂಡತಿ ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಮನೆಯಲ್ಲಿ ನಾನು ನುಡಿಸುವುದನ್ನು ಕೇಳಿ ಅಡುಗೆಮನೆಯಿಂದಲೇ, “ರೀ, ಇದು ಮೋಹನ ರಾಗ ಕಣ್ರೀ! ಮ, ನಿ ಎರಡೂ ಇಲ್ಲ,” ಅಂದಳು.

“ಅವರಿಗೆ ಆಗಿಬರಲ್ಲ ಕಣೇ,” ಎಂದು ಕಾರಣ ವಿವರಿಸಿದೆ.

“ಎಲ್ಲಾ ಗೊತ್ತು ನಿಮಗೆ,” ಅಂದಳು. ಹೊಗಳಿದಳು ಅಂತಲೇ ತಿಳಿದೆ.

ಮುಂದಿನ ವಾರ ಕಾಕಿ ಬುಕಿತ್‌ನ ಗೋಡೌನೊಂದರಲ್ಲಿ ಸರಕಿನ ಲಿಫ್ಟ್ ನಿಂತುಹೋಗಿ ನನಗೆ ಕ್ಲಾಸ್ ತಪ್ಪಿತು. ಅದರ ಮುಂದಿನ ವಾರ ಪರೀಕ್ಷೆ. ಸ್ವರಗಳನ್ನು ಹತ್ತಿಸಿ ಇಳಿಸಿ ನುಡಿಸಿದವರಿಗೆ ಬ್ಲಾಕಿನ ಕಾರ್ಯಕ್ರಮದಲ್ಲಿ ಕುರ್ಚಿ. ಉಳಿದವರು ಮತ್ತೆ ಮೊದಲ ಹಾಳೆಯಿಂದ. ನಾನೋ, ಕೆಲಸದ ಜಾಗದಲ್ಲಿ ಎಲ್ಲರನ್ನೂ ಆಗಲೇ ಕರೆದುಬಿಟ್ಟಿದ್ದೆ.

ನನ್ನ ಸರದಿ ಬಂತು. ಹತ್ತಿದೆ, ಇಳಿದೆ. ಒಂದೂ ಅಪಸ್ವರವಿಲ್ಲ. ಎದೆ ಉಬ್ಬಿಸಿ ಸುತ್ತಲೂ ನೋಡಿದೆ.

“ವೆರಿ ನೈಸ್, ಅಂಕಲ್,” ಅಂದರು ಲಾವ್‌ಶಿ. “ಬಟ್ ನಾಲ್ಕು ಎಲ್ಲಿ ಲಾ?”

“ನಿಮಗೆ ಆಗಲ್ವಲ್ಲ, ಅದಕ್ಕೇ ಬಿಟ್ಟೆ.”

“ಯಾರಿಗೆ ಆಗಲ್ಲ?”

“ಚೈನೀಸ್‌ಗೆ. ನಾಲ್ಕು ಸಾವು, ಏಳು ದೆವ್ವ.”

ಲಾವ್‌ಶಿ ಕಮಾನು ಕೆಳಗಿಟ್ಟು ನಕ್ಕರು. “ಐಯಾ! ನಾನಿರೋದೇ ನಾಲ್ಕನೇ ಫ್ಲೋರ್ ಲಾ! ನಾಲ್ಕು, ಏಳು ನೀವು ಬರದ ವಾರ ಕಲಿಸಿದ್ದೆ.”

ಪಕ್ಕದ ಚೀನೀ ಆಂಟಿ ಸುಮ್ಮನಿರಬೇಕಲ್ಲ: “ನನಗೆ ಮೊಮ್ಮಕ್ಕಳು ಏಳು. ಒಂದನ್ನ ನಿಮ್ಮನೆಗೆ ಕಳಿಸ್ಲಾ, ಅಂಕಲ್?”

ಕಿವಿ ಬಿಸಿಯಾಯಿತು. ನಕ್ಕಿದ್ದಕ್ಕಲ್ಲ. ಈಗ ಒಂದು ಮಾತು ಆಡಲೇಬೇಕಿತ್ತು. ಇಷ್ಟು ವರ್ಷದಲ್ಲಿ ಯಾವ ಎಂಜಿನಿಯರ್ ಮುಂದೆಯೂ ಆಡದ ಮಾತು ಅದು.

“ನನಗೆ ಗೊತ್ತಿಲ್ಲ, ಲಾವ್‌ಶಿ. ಹೇಳಿಕೊಡಿ. ಇವತ್ತೇ ನುಡಿಸ್ತೀನಿ.”

ಅವರು ನಗು ನಿಲ್ಲಿಸಿ, ನನ್ನ ಬೆರಳು ಹಿಡಿದು ತಂತಿಯ ಮೇಲೆ ಇಟ್ಟರು. ಮೂರಕ್ಕೆ ಅಂಟಿಕೊಂಡೇ ನಾಲ್ಕು. ಏಳಕ್ಕೆ ಅಂಟಿಕೊಂಡೇ ಮೇಲಿನ ಒಂದು. ಅಲ್ಲಿ ಬೆರಳಿಗೆ ಬೆರಳು ತಾಕಬೇಕು. “ಎಲ್ಲರದೂ ಮುಗಿದ ಮೇಲೆ ಬನ್ನಿ,” ಅಂದರು.

ಕಾರಿಡಾರಿನಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳ ಪಕ್ಕ ಕೂತು ಆ ಎರಡು ಜಾಗಗಳನ್ನು ತಿಕ್ಕಿದೆ, ತಿಕ್ಕಿದೆ. ಯಾರೋ ಬಾಗಿಲು ಹಾಕಿಕೊಂಡರು.

ಕೊನೆಯವನಾಗಿ ನುಡಿಸಿದೆ. ಲಾವ್‌ಶಿ ಬೆರಳು ಮಡಚಿ ಎಣಿಸುತ್ತಿದ್ದರು. ಹತ್ತುವಾಗ ನಾಲ್ಕು ಕಿರುಗುಟ್ಟಿತು. ಇಳಿಯುವಾಗ ಏನೋ ಸರಿಹೋಯಿತು.

“ಎಂಟೂ ಬಂತು. ನಾಲ್ಕು ಸ್ವಲ್ಪ ಹುಳಿ,” ಅಂದರು. “ಹೋಗಿ, ಕುರ್ಚಿ ತಗೊಳ್ಳಿ ಲಾ.”

ಕೊನೆಯ ಸಾಲು, ಗೋಡೆಯ ಪಕ್ಕ. ಆಂಟಿ ಕುರ್ಚಿ ಎತ್ತಿಕೊಡಲು ಬಂದರು, ನಾನು ಬಿಡಲಿಲ್ಲ. ನನ್ನ ಕುರ್ಚಿಯನ್ನು ನಾನೇ ಎತ್ತಿಕೊಂಡು ಹೋಗಿ ಹಾಕಿಕೊಂಡೆ.