ಕುಂಕುಮದ ಕೆಳಗಿನ ಅಕ್ಷರಗಳು

ಮಧ್ಯಾಹ್ನ ಎರಡು ಗಂಟೆ ನಲವತ್ತೆರಡು ನಿಮಿಷ. ಇಷ್ಟು ನಿಖರವಾಗಿ ಹೇಳಲು ಕಾರಣ ಹೆಂಡತಿಯ ಫೋನಿನಲ್ಲಿರುವ ಫೋಟೊ. ಅದರಲ್ಲಿ ನನ್ನ ಉಂಗುರದ ಬೆರಳು ಹಳೆಯ ಜರ್ಮನ್ ಪಿಸ್ತೂಲೊಂದರ ಬೆನ್ನಿಗೆ ಕುಂಕುಮ ಇಡುತ್ತಿದೆ.

ಆಯುಧಪೂಜೆ ವಾರದ ನಡುವೆ ಬಂದರೆ ಕ್ರೈಸ್ಟ್‌ಚರ್ಚ್‌ನಲ್ಲಿ ನಾವು ಅದನ್ನು ಶನಿವಾರಕ್ಕೆ ತಳ್ಳುತ್ತೇವೆ. ಆ ಸಲವೂ ಹಾಗೆಯೇ. ಗ್ಯಾರೇಜಿನಲ್ಲಿ ಕಾರು ತೊಳೆದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೆಂಚಿನ ಮೇಲೆ ಡ್ರಿಲ್, ಸ್ಪ್ಯಾನರ್, ಹಾರ್ನ್‌ಬಿಯ ಕಾರ್ಖಾನೆಯಲ್ಲಿ ನಾನು ಬಳಸುವ ಮೈಕ್ರೊಮೀಟರ್ ಜೋಡಿಸಿದ್ದೆವು. ಪಕ್ಕದ ಮನೆಯ ಮುದುಕರು ಕೊಬ್ಬರಿ ಮಿಠಾಯಿಯ ಆಸೆಗೆ ಬಂದವರು. ಹೆಂಡತಿ ಹೋದ ಮೇಲೆ ಒಂಟಿ ಜೀವ. ಹಳೆಯ ಜರ್ಮನ್ ಪೊಲೀಸ್ ಪಿಸ್ತೂಲುಗಳನ್ನು ಪರವಾನಗಿ ಪಡೆದು ಸಂಗ್ರಹಿಸುವುದು ಅವರ ಹವ್ಯಾಸ. ಆಯುಧಗಳಿಗೂ ಪೂಜೆಯುಂಟು ಎಂದು ತಿಳಿದದ್ದೇ, ತೀರಿಕೊಂಡ ಯಾರದೋ ಮನೆಯಿಂದ ಹಿಂದಿನ ದಿನವಷ್ಟೇ ತಂದಿದ್ದ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು.

ಕಾರ್ಖಾನೆಯಲ್ಲಿ ನನ್ನ ಕೆಲಸ ತಯಾರಾದ ಭಾಗಗಳ ತಪಾಸಣೆ. ನಾನು ಭೂತಗನ್ನಡಿ ತಂದೆ. ಮುದುಕರು ಒಂದೊಂದಾಗಿ ತೋರಿಸಿದರು. ಹಿಡಿಯ ಮುಂಬದಿಯಲ್ಲಿ ಕೊರೆದ ಅಕ್ಷರ, ಅಂಕಿಗಳು ಅದು ಯಾವ ಪೊಲೀಸ್ ತುಕಡಿಯದು ಎಂದು ಹೇಳುತ್ತವಂತೆ. ಪ್ರತಿ ಸಣ್ಣ ಭಾಗದ ಮೇಲೂ ಪಿಸ್ತೂಲಿನ ಸಂಖ್ಯೆಯ ಕೊನೆಯ ಎರಡು ಅಂಕಿ ಇರಬೇಕಂತೆ. ಇಲ್ಲದಿದ್ದರೆ ಆ ಭಾಗ ಬದಲಾಗಿದೆ ಎಂದರ್ಥ. ಎಡಮಗ್ಗುಲಲ್ಲಿ ಒಂದು ಖಾಲಿ ತೂತಿತ್ತು. ಬಿಚ್ಚುವಾಗ ಗುಂಡು ಹಾರದಿರಲಿ ಎಂದು ಅಲ್ಲಿನ ಪೊಲೀಸರು ಕೂರಿಸಿದ್ದ ತೆಳು ಪಟ್ಟಿಯೊಂದು ಅಲ್ಲಿರಬೇಕಿತ್ತು, ಯಾರೋ ಕಿತ್ತಿದ್ದಾರೆ ಎಂದರು.

ಎಲ್ಲೆಡೆ ಮೂವತ್ತೊಂದು. ಬೆನ್ನ ಮೇಲಿನ, ಉಗುರಿನಗಲದ ಒಂದು ಚೂರಿನಲ್ಲಿ ಮಾತ್ರ ಅರವತ್ತೆಂಟು. ಆ ಚೂರು ಕೂದಲೆಳೆಯಷ್ಟು ಎದ್ದೂ ನಿಂತಿತ್ತು. ಇದು ಬೇರೆ ಪಿಸ್ತೂಲಿನದು, ಅದಕ್ಕೇ ಸರಿಯಾಗಿ ಕೂರುತ್ತಿಲ್ಲ ಎಂದು ತೀರ್ಪು ಕೊಟ್ಟೆ. ಹೊಸ ಪಿಸ್ತೂಲನ್ನೂ ರಿಜೆಕ್ಟ್ ಮಾಡಿಬಿಟ್ಟೆಯಾ ಎಂದು ಅವರು ನಕ್ಕರು. ಗಂಧ ಹಚ್ಚಿ ಕುಂಕುಮ ಇಡಲು ಪಿಸ್ತೂಲಿನಲ್ಲಿ ಹಣೆಯಂತೆ ಕಂಡದ್ದು ಆ ಚೂರೇ. ಹಸಿಗಂಧ ಪಕ್ಕಕ್ಕೂ ಇಳಿಯಿತು.

ಮಂಗಳಾರತಿಯಾದ ಮೇಲೆ ಕುಂಕುಮ ಸಂದಿಗೆ ಇಳಿಯಬಾರದೆಂದು ಮುದುಕರು ಪಿಸ್ತೂಲು ಬಿಚ್ಚಲು ಕೂತರು. ಹಿಡಿಯೊಳಗಿನ ಗುಂಡಿನ ಡಬ್ಬಿ ಎಳೆದು ನೋಡಿದರು, ಖಾಲಿ. ಮೇಲ್ಭಾಗವನ್ನು ಬಿಡಿಸಿ ಅಂಗೈಯಲ್ಲಿಟ್ಟು, ಪಟ್ಟಿ ಕಿತ್ತ ಜಾಗದ ಸುತ್ತ ಬಟ್ಟೆಯಿಂದ ಒತ್ತಿ ಒರೆಸಿದರು. ಅಷ್ಟೇ. ಆರತಿ ತಟ್ಟೆ ಹಿಡಿದು ಒಳಗೆ ಹೊರಟಿದ್ದ ಹೆಂಡತಿಯ ಮೊಣಕೈ ಪಕ್ಕದಿಂದ ಹಾದ ಗುಂಡು ಗೋಡೆಯ ಹಲಗೆ ತೂರಿ ಒಳಗಿನ ಮರದಲ್ಲಿ ನಿಂತಿತು. ತಟ್ಟೆ ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ.

ಎದುರುಮನೆಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಪಿಸ್ತೂಲನ್ನು ಪರೀಕ್ಷಿಸಿದ ಅಧಿಕಾರಿ ಒದ್ದೆ ಬಟ್ಟೆಯಿಂದ ಆ ಚೂರನ್ನು ಒರೆಸಿ ನನಗೆ ತೋರಿಸಿದರು. ಡಬ್ಬಿ ಖಾಲಿಯಿದ್ದರೂ ನಳಿಕೆಯಲ್ಲಿ ಗುಂಡೊಂದು ಉಳಿದಿತ್ತು. ಹಾಗೆ ಒಳಗೆ ಗುಂಡಿದ್ದರೆ ಆ ಚೂರು ಮೇಲಕ್ಕೇಳುವಂತೆಯೇ ಮಾಡಿರುತ್ತಾರಂತೆ. ಎದ್ದಾಗ ಪಕ್ಕದಲ್ಲಿ ಜರ್ಮನ್ ಪದವೊಂದು ಕಾಣುತ್ತದೆ, ‘ಗುಂಡು ತುಂಬಿದೆ’ ಎಂಬರ್ಥದ್ದು. ಅದರ ಮೇಲೆ ನನ್ನ ಗಂಧವಿತ್ತು.

ನನ್ನ ಹೇಳಿಕೆ ಬರೆದುಕೊಂಡರು. ಪದ್ಧತಿಯಂತೆ ಕುಂಕುಮ ಇಟ್ಟೆ, ಪಿಸ್ತೂಲಿನ ಬಗ್ಗೆ ನನಗೇನೂ ತಿಳಿಯದು ಎಂದೆ. ಅರವತ್ತೆಂಟರ ಮಾತು ಎತ್ತಲಿಲ್ಲ. ಮುದುಕರ ಸಂಗ್ರಹವನ್ನೆಲ್ಲ ವ್ಯಾನಿಗೆ ಹಾಕಿಕೊಂಡು ಹೋದರು. ಪರವಾನಗಿ ಉಳಿಯುವುದೋ ಇಲ್ಲವೋ ವಿಚಾರಣೆಯ ಮೇಲೆ ನಿಂತಿತು.

ಅಂದಿನಿಂದ ಕಣ್ಣು ಮುಚ್ಚಿದರೆ ಆ ಮೊಣಕೈ. ರಾತ್ರಿ ನಿದ್ದೆ ಬಾರದೆ ಎದ್ದು, ಹೆಂಡತಿಯ ಫೋನಿನ ಆ ಫೋಟೊ ತೆರೆದು ದೊಡ್ಡದು ಮಾಡಿ ನೋಡುತ್ತಿದ್ದೆ. ಹಗಲಿಡೀ ಬೇಲಿಯಾಚೆ ಕಣ್ಣು. ಮುದುಕರು ಪರದೆ ತೆರೆಯುತ್ತಿರಲಿಲ್ಲ. ಅವರ ಯೂಟ್ ಗಾಡಿ ಎರಡು ದಿನ ಕಾಣಲಿಲ್ಲ. ವಕೀಲರ ಬಳಿ ಹೋದರೇ? ಗುಂಡಿದೆ ಎಂದು ಗೊತ್ತಿದ್ದೇ ತಂದಿದ್ದರೇ? ಅವರ ಶೆಡ್ಡಿನಲ್ಲಿ ಅಂಕಿ ಒತ್ತುವ ಉಕ್ಕಿನ ಮೊಳೆಗಳ ಡಬ್ಬಿಯನ್ನು ಹಿಂದೊಮ್ಮೆ ಕಂಡದ್ದು ನೆನಪಾಯಿತು. ಆ ಅರವತ್ತೆಂಟನ್ನು ಒತ್ತಿದವರು ಅವರೇ ಏಕಿರಬಾರದು? ಈ ಯೋಚನೆ ಬಂದಾಗ ನನಗೆ ಹಾಯೆನಿಸಿತು.

ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಧಾರವಾಡದವನು ಇನ್ನಷ್ಟು ಹುಳ ಬಿಟ್ಟ. ಸ್ಮೋಕೋ ಎಂದು ಇಲ್ಲಿ ಕರೆಯುವ ಬಿಡುವಿನಲ್ಲಿ ಚಹಾ ಹೀರುತ್ತ, “ಹುಷಾರಾಗಿರ್ರಿ. ಆ ಮುದುಕ ಲೈಸೆನ್ಸ್ ಉಳಿಸ್ಕೊಳ್ಳಾಕ ನಿಮ್ಮ ಮ್ಯಾಲೆ ಹಾಕ್ತಾನ. ನೀವರ ಏನ್ ಹೇಳಿದ್ರಿ ಅವಂಗ?” ಎಂದ.

ಏನೂ ಹೇಳಿಲ್ಲ ಎಂದೆ. ಎರಡನೆಯ ಸಲ ಸುಳ್ಳು ಹೇಳುವುದು ಸುಲಭವಾಗಿತ್ತು.

ಮೂರನೆಯ ವಾರ, ಹೆಂಡತಿ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದವಳು ಬುಟ್ಟಿ ಕೆಳಗಿಡದೆ ನಿಂತಳು. ಬೇಲಿಯ ಹತ್ತಿರ ಮುದುಕರು ಸಿಕ್ಕಿದ್ದರಂತೆ.

“ಗುಂಡಿನ ಸದ್ದಿಗೆ ಗುಂಯ್ ಅಂತಿದ್ದ ನನ್ನ ಕಿವಿ ಸರಿಹೋಯ್ತಾ ಅಂತ ಕೇಳಿದ್ರು ಕಣ್ರೀ. ಒಳಗೆ ಗುಂಡಿದೆಯಾ ಅಂತ ನೋಡ್ಬೇಕಾಗಿದ್ದು ತಮ್ಮ ಕೆಲಸ, ಬೇರೆ ಯಾರದ್ದೂ ಅಲ್ಲ ಅಂತ ಪೊಲೀಸ್‌ನವರಿಗೆ ಬರ್ಕೊಟ್ಟಿದಾರಂತೆ. ನಿಮ್ಮ ಹೆಸರೇ ಎತ್ತಿಲ್ಲ.”

ಆ ಅಂಕಿ ಮೊಳೆಗಳ ಬಗ್ಗೆ ಕೇಳಬೇಕಿತ್ತು ಎಂದೆ. ಏನು ಹೇಳುವುದೆಂದು ತಿಳಿಯದೆ ಆಡಿದ ಮಾತು.

“ಅವರ ಹೆಂಡ್ತಿ ನೆಟ್ಟಿದ್ದ ಡೇಲಿಯಾಗಳಿಗೆ ತಗಡಿನ ಚೀಟಿ ಇದೆಯಲ್ಲ, ಅದಕ್ಕೆ ನಂಬರ್ ಹೊಡೆಯೋದು. ಎರಡು ವರ್ಷದಿಂದ ನೋಡ್ತಿದೀನಿ, ನಿಮಗೆ ಕಂಡಿಲ್ವಾ?” ಬುಟ್ಟಿ ಇಟ್ಟಳು. “ಅದೇನು ಕಣ್ಣೋ ನಿಮ್ದು. ಆ ಚೂರು ಬೇರೆ ಪಿಸ್ತೂಲಿಂದು ಅಂತ ನೀವು ಅಂದಿದ್ದು ನಾನೂ ಕೇಳಿಸ್ಕೊಂಡಿದೀನಿ. ಪೊಲೀಸ್‌ನವರು ನನ್ನನ್ನ ಕೇಳ್ಲಿಲ್ಲ, ಅಷ್ಟೇ.”

ಮೂರು ವಾರ ಅವಳೂ ಕಾದಿದ್ದಳು ಎಂದು ಆಗ ಹೊಳೆಯಿತು. ಮುದುಕರು ಏನು ಮಾಡುತ್ತಾರೋ ಎಂದಲ್ಲ, ನಾನು ಏನು ಮಾಡುತ್ತೇನೋ ಎಂದು.

ಮರುದಿನ, ಮಂಗಳವಾರ, ಅರ್ಧ ದಿನ ರಜೆ ಹಾಕಿ ಠಾಣೆಗೆ ಹೋದೆ. ಫೋಟೊ ತೋರಿಸಿದೆ. ಎದ್ದುನಿಂತ ಚೂರನ್ನು ನಾನು ಕಂಡಿದ್ದೆ, ಅಂಕಿ ಹೊಂದದ್ದರಿಂದ ಅದು ಹಾಗೆ ನಿಂತಿದೆ ಎಂದು ಮುದುಕರಿಗೆ ಹೇಳಿದ್ದೆ, ಆಮೇಲೆ ಗಂಧ ಹಚ್ಚಿ ಅದನ್ನೇ ಮುಚ್ಚಿದ್ದೆ ಎಂದೆ. ಮೊದಲ ಹೇಳಿಕೆಯಲ್ಲಿ ಇದು ಏಕಿಲ್ಲ ಎಂದು ಕೇಳಿದರು. ಹೆದರಿದ್ದೆ ಎಂದೆ. ಅದನ್ನೂ ಬರೆದುಕೊಂಡು ಪುಟಪುಟಕ್ಕೂ ಸಹಿ ಹಾಕಿಸಿದರು. ಇದರಿಂದ ಪರವಾನಗಿ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, ಅದು ವಿಚಾರಣೆಗೆ ಬಿಟ್ಟದ್ದು ಎಂದರು.

ಮನೆಗೆ ಬಂದವನು ಬೇಲಿಯ ಬಳಿ ನಿಂತು ಮುದುಕರಿಗೂ ಹೇಳಿದೆ. ಅವರು ಡೇಲಿಯಾದ ಮಡಿಯಿಂದ ಏಳದೆ ಕೇಳಿಸಿಕೊಂಡರು. ಅಂಕಿಯನ್ನು ನೀನು ಸರಿಯಾಗಿಯೇ ಓದಿದ್ದೆ ಎಂದರು. ನನ್ನ ಕಡೆ ತಿರುಗದೆ ಮಡಿಯ ಕಳೆ ಕೀಳತೊಡಗಿದರು.

ಆ ಮಂಗಳವಾರ ಊಟವಾದದ್ದೇ ಮಲಗಿದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಹೆಂಡತಿ ಭುಜ ಅಲುಗಿಸಿ, ಕೆಲಸಕ್ಕೆ ಹೊತ್ತಾಯಿತು, ಏಳಿ ಎಂದಳು.